ಎಕ್ಸ್‌ಚೇಂಜ್‌ಗೆ ಹೋದರೆ ಒಂದು ವರ್ಷ ಹಾಳಾಗುತ್ತಾ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಕಾಲೇಜಿಗೆ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಜೊತೆ ವಿದ್ಯಾರ್ಥಿ ಎಕ್ಸ್‌ಚೇಂಜ್ ಒಪ್ಪಂದ ಇದೆ. ಐದನೇ ಸೆಮಿಸ್ಟರ್ ಅಲ್ಲಿ ಓದಬೇಕೆಂಬ ಆಸೆ. ಆದರೆ ಹೋಗಿ ಬಂದ ಸೀನಿಯರ್ ಒಬ್ಬರು ಎರಡು ಸಬ್ಜೆಕ್ಟ್ ಮತ್ತೆ ಬರೆಯಬೇಕಾಯಿತಂತೆ. ಮನೆಯವರು ಅದನ್ನೇ ಹಿಡಿದುಕೊಂಡು ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಸೀನಿಯರ್‌ಗೆ ಆದದ್ದು ತುಂಬಾ ಜನಕ್ಕೆ ಆಗುತ್ತದೆ. ಮೊದಲು ದೇಶ, ಊರು ನೋಡಿ ಅರ್ಜಿ ಹಾಕುತ್ತಾರೆ. ಸಬ್ಜೆಕ್ಟ್ ಹೊಂದುತ್ತದಾ ಅಂತ ಕೊನೆಗೆ ನೋಡುತ್ತಾರೆ. ನೀವು ಸಬ್ಜೆಕ್ಟ್‌ನಿಂದಲೇ ಶುರು ಮಾಡಿ.

ಐದನೇ ಸೆಮಿಸ್ಟರೇ ಯಾಕೆ ಅಂತ ಮೊದಲು ಕೇಳಿಕೊಳ್ಳಿ. ಮೆಕ್ಯಾನಿಕಲ್‌ನಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಕಡ್ಡಾಯ ಸಬ್ಜೆಕ್ಟ್‌ಗಳೇ ಜಾಸ್ತಿ, ಜೊತೆಗೆ ಲ್ಯಾಬ್. ಥರ್ಮೋಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಆದ ಮೇಲೆ ಹೀಟ್ ಟ್ರಾನ್ಸ್‌ಫರ್, ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಮಧ್ಯದಲ್ಲಿ ಒಂದು ತಪ್ಪಿದರೆ ಮುಂದಿನದೂ ಸಿಗದೇ ಹೋಗಬಹುದು. ಎಲೆಕ್ಟಿವ್, ಅಂದರೆ ನೀವೇ ಆರಿಸಿಕೊಳ್ಳುವ ಸಬ್ಜೆಕ್ಟ್, ಜಾಸ್ತಿ ಇರುವ ಸೆಮಿಸ್ಟರ್ ಯಾವುದು ನೋಡಿ, ಆಗ ಹೋಗುವುದೇ ವಾಸಿ. ಇನ್ನೊಂದು ಸಮಸ್ಯೆಯೂ ಇದೆ. ಜರ್ಮನಿಯಲ್ಲಿ ಇಂಗ್ಲಿಷ್‌ನಲ್ಲಿ ನಡೆಯುವ ಎಂಜಿನಿಯರಿಂಗ್ ಕೋರ್ಸ್‌ಗಳು ಹೆಚ್ಚಾಗಿ ಮಾಸ್ಟರ್ಸ್ ಹಂತದವು, ಬ್ಯಾಚುಲರ್ ಹಂತದವು ಬಹುಪಾಲು ಜರ್ಮನ್‌ನಲ್ಲೇ. ಮೂರನೇ ವರ್ಷದವರನ್ನು ಮಾಸ್ಟರ್ಸ್ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರಾ? ಇದನ್ನು ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕಿ ಈಗಲೇ ಕೇಳಿ.

ಆಮೇಲೆ ಆ ವಿಭಾಗದ ಮಾಡ್ಯೂಲ್ ಹ್ಯಾಂಡ್‌ಬುಕ್ ಇಳಿಸಿಕೊಳ್ಳಿ. ಪ್ರತಿ ಕೋರ್ಸ್‌ನಲ್ಲಿ ಏನು ಪಾಠ, ಯಾವ ಭಾಷೆ, ಯಾವ ಸೆಮಿಸ್ಟರ್, ಪರೀಕ್ಷೆ ಲಿಖಿತವೋ ಮೌಖಿಕವೋ, ಎಲ್ಲಾ ಅದರಲ್ಲಿರುತ್ತದೆ. ಹೀಟ್ ಟ್ರಾನ್ಸ್‌ಫರನ್ನೇ ತೆಗೆದುಕೊಳ್ಳಿ. ನಿಮ್ಮ ಸಿಲಬಸ್ ಎಡಕ್ಕೆ, ಅವರದ್ದು ಬಲಕ್ಕೆ ಇಟ್ಟು ಸಾಲು ಸಾಲಾಗಿ ಹೋಲಿಸಿ. ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಎರಡೂ ಕಡೆ ಇರುತ್ತದೆ. ಹೀಟ್ ಎಕ್ಸ್‌ಚೇಂಜರ್ ಇದೆಯಾ? ಬಾಯ್ಲಿಂಗ್, ಕಂಡೆನ್ಸೇಷನ್? ಲ್ಯಾಬ್ ಇದರಲ್ಲೇ ಸೇರಿದೆಯಾ, ಬೇರೆ ಮಾಡ್ಯೂಲಾ? ಬೇರೆ ಆಗಿದ್ದು, ನೀವು ಹೋಗುವ ಸೆಮಿಸ್ಟರ್‌ನಲ್ಲಿ ನಡೆಯದಿದ್ದರೆ, ಥಿಯರಿ ಪಾಸಾಗಿ ಬಂದರೂ ಲ್ಯಾಬ್ ಬಾಕಿ ಉಳಿಯುತ್ತದೆ. ಮತ್ತೆ ಬರೆಯುವ ಕಥೆ ಇಲ್ಲೇ ಶುರುವಾಗೋದು.

ಕ್ರೆಡಿಟ್ ಲೆಕ್ಕವೂ ಬೇರೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣ ಸೆಮಿಸ್ಟರ್‌ಗೆ 30 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಕ್ಲಾಸ್ ಮಾತ್ರವಲ್ಲ, ನೀವು ಮನೆಯಲ್ಲಿ ಓದುವ ಹೊತ್ತೂ ಅದರಲ್ಲಿ ಸೇರಿದೆ. ಹಾಗಾಗಿ ಅಲ್ಲಿನ 6 ಕ್ರೆಡಿಟ್ ನೋಡಿ ಖುಷಿಪಡಬೇಡಿ. ವಾರದ ಕ್ಲಾಸ್ ಗಂಟೆ ಎಣಿಸುವ ಕಾಲೇಜು ಅದನ್ನು 3 ಅಂತ ಹಿಡಿಯಬಹುದು. ಗ್ರೇಡ್ ಕೂಡ ಉಲ್ಟಾ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬಂದರೆ ಅಂತೂ ಇಂತೂ ಪಾಸ್. ಇದನ್ನು ನಿಮ್ಮ ಗ್ರೇಡ್‌ಗೆ ಹೇಗೆ ಬದಲಾಯಿಸುತ್ತಾರೆ, ಅಥವಾ ಬರೀ ಪಾಸ್ ಅಂತ ಹಾಕಿಕೊಂಡು ಸರಾಸರಿಯಿಂದ ಹೊರಗಿಡುತ್ತಾರಾ ಅಂತ ಮೊದಲೇ ತಿಳಿದುಕೊಳ್ಳಿ.

ಎಲ್ಲಾ ಹೊಂದಿದ ಮೇಲೆ ಲರ್ನಿಂಗ್ ಅಗ್ರಿಮೆಂಟ್‌ಗೆ, ಅಂದರೆ ಅಲ್ಲಿ ಯಾವ ಸಬ್ಜೆಕ್ಟ್ ಓದುತ್ತೀರಿ, ಇಲ್ಲಿ ಯಾವುದಕ್ಕೆ ಬದಲಾಗಿ ಒಪ್ಪುತ್ತಾರೆ ಎಂದು ಬರೆದ ಕಾಗದಕ್ಕೆ, ಸಹಿ ಹಾಕಿಸಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ‘ಹೋಗಪ್ಪಾ, ನೋಡಿಕೊಳ್ಳೋಣ’ ಅಂದರೆ ಸಾಲದು. ನೀವು ವಾಪಸ್ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು. ಪರೀಕ್ಷಾ ವಿಭಾಗದ ಒಪ್ಪಿಗೆಯೂ ಕಾಗದದ ಮೇಲೆ ಇರಲಿ. ಎರಡು ಸಬ್ಜೆಕ್ಟ್ ಹೆಚ್ಚಿಗೆ ಸೇರಿಸಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೆ ಟೈಮ್‌ಟೇಬಲ್ ಡಿಕ್ಕಿ ಹೊಡೆಯುವುದು, ಕೋರ್ಸ್ ರದ್ದಾಗುವುದು ಮಾಮೂಲು. ಬದಲಾಯಿಸಿದರೆ ಅದೇ ವಾರ ಮೇಲ್ ಮಾಡಿ ಒಪ್ಪಿಗೆ ಪಡೆಯಿರಿ.

ಕ್ಯಾಲೆಂಡರ್ ಕೂಡ ನೋಡಿ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಪಾಠ ಅಕ್ಟೋಬರ್ ಮಧ್ಯದಿಂದ ಸುಮಾರು ಫೆಬ್ರವರಿ ಮಧ್ಯದವರೆಗೆ, ಪರೀಕ್ಷೆ ಅದರ ಆಚೀಚೆ. ನಿಮ್ಮ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ಶುರುವಾದರೆ ಹಾಜರಾತಿಗೆ ಏನು ದಾರಿ? ಇದಕ್ಕೂ ಲಿಖಿತ ಉತ್ತರ ತೆಗೆದುಕೊಳ್ಳಿ. ಸಹಿ ಬಿದ್ದ ಆ ಕಾಗದಗಳನ್ನು ಮನೆಯವರ ಮುಂದಿಡಿ, ಅವರ ಅರ್ಧ ಭಯ ಹೋಗುತ್ತದೆ.

ಪ್ರಶ್ನೆ: ‘ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿ, ಕಾಲೇಜಿನ ಒಪ್ಪಂದ ಬೇಡ’ ಎಂದು ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಫೀಸು ಸಿಕ್ಕಾಪಟ್ಟೆ. ಎಕ್ಸ್‌ಚೇಂಜ್‌ಗೆ ಫೀಸೇ ಇಲ್ಲ ಅಂದುಕೊಂಡಿದ್ದೆ.

ಉತ್ತರ: ಅವರು ಹೇಳುತ್ತಿರುವುದು ಎಕ್ಸ್‌ಚೇಂಜ್ ಅಲ್ಲ. ಎಕ್ಸ್‌ಚೇಂಜ್ ಅಂದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಸೀಟು ಅದಲುಬದಲು. ನಿಮ್ಮ ಕಾಲೇಜೇ ನಿಮ್ಮ ಹೆಸರು ಕಳಿಸಬೇಕು. ಫೀಸು ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿ ಬೋಧನಾ ಶುಲ್ಕ ಇಲ್ಲ. ಒಪ್ಪಂದವಿಲ್ಲದೆ ಹೋದರೆ ನೀವು ಫೀಸು ಕಟ್ಟುವ ವಿಸಿಟಿಂಗ್ ವಿದ್ಯಾರ್ಥಿ. ಅದು ಮೋಸ ಅಂತಲ್ಲ, ಆದರೆ ಕ್ರೆಡಿಟ್ ಇಲ್ಲಿ ಒಪ್ಪುತ್ತಾರಾ ಎಂಬುದಕ್ಕೆ ಏಜೆಂಟ್ ಜವಾಬ್ದಾರರಲ್ಲ.

ಹಾಗಂತ ಎಕ್ಸ್‌ಚೇಂಜ್ ಪುಕ್ಕಟೆಯೂ ಅಲ್ಲ. ಊಟ, ವಸತಿ, ವಿಮೆ, ವೀಸಾ, ಟಿಕೆಟ್ ನಿಮ್ಮದೇ. ಜರ್ಮನಿಯ ವೀಸಾಕ್ಕೆ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ಇದೆ ಎಂದು ತೋರಿಸಬೇಕು. ಅರ್ಜಿ ಹಾಕುವ ದಿನ ಎಷ್ಟಿದೆ ಎಂದು ರಾಯಭಾರ ಕಚೇರಿಯ ಪುಟದಲ್ಲಿ ನೋಡಿ. ಎರಡು ಸಂಸ್ಥೆಗಳ ಒಪ್ಪಂದ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯ ಅಡಿಯಲ್ಲಿದ್ದರೆ ಪ್ರಯಾಣಕ್ಕೂ ಖರ್ಚಿಗೂ ಅನುದಾನ ಸಿಗಬಹುದು.

ಪ್ರಶ್ನೆ: ನಮ್ಮ ಕಾಲೇಜಿಗೆ ಯಾವ ಒಪ್ಪಂದವೂ ಇಲ್ಲ. ನನಗೆ ದಾರಿಯೇ ಇಲ್ವಾ?

ಉತ್ತರ: ಸೆಮಿಸ್ಟರ್ ಬಿಡಿ, ರಜೆ ನೋಡಿ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮದಲ್ಲಿ ಪ್ರಾಧ್ಯಾಪಕರ ಕೈಕೆಳಗೆ 12 ವಾರ ಸಂಶೋಧನೆ ಮಾಡಬಹುದು. ನಿಮ್ಮ ದೇಶ ಅವರ ಪಟ್ಟಿಯಲ್ಲಿರಬೇಕು, ಅರ್ಜಿ ಹಿಂದಿನ ವರ್ಷವೇ ಹಾಕಬೇಕು. 1948ರಲ್ಲಿ ಶುರುವಾದ ಐಎಇಎಸ್‌ಟಿಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತಾಂತ್ರಿಕ ವಿದ್ಯಾರ್ಥಿಗಳಿಗೆ ಬೇರೆ ದೇಶದಲ್ಲಿ ಸ್ಟೈಪೆಂಡ್ ಇರುವ ತರಬೇತಿ ಕೊಡಿಸುತ್ತದೆ. ಕ್ರೆಡಿಟ್ ತಲೆನೋವು ಇವುಗಳಲ್ಲಿ ಕಡಿಮೆ. ಅರ್ಜಿಯಲ್ಲಿ ‘ನನಗೆ ತುಂಬಾ ಆಸಕ್ತಿ’ ಅಂತ ಸುಮ್ನೆ ಬರೆಯುವ ಬದಲು ಮಾಡಿದ ಒಂದು ಪ್ರಾಜೆಕ್ಟ್ ಬಗ್ಗೆ ಬರೆಯಿರಿ: ಏನು ಕಟ್ಟಿದಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದಿರಿ.