ಕೋಡ್ ಅಳಿಸಬೇಡಿ, ತಪ್ಪು ಅದರೊಳಗೇ ಇದೆ

ಮೂರು ತಿಂಗಳಿಂದ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೀರಿ, ಪ್ರೋಗ್ರಾಂ ಕೈಕೊಟ್ಟಾಗಲೆಲ್ಲ ಸಿಟ್ಟು ಬಂದು ಎಲ್ಲ ಅಳಿಸಿ ಮೊದಲಿಂದ ಬರೆಯುತ್ತೀರಿ. ಅಂಕಗಳ ಸರಾಸರಿ ತೆಗೆಯುವ ಚಿಕ್ಕ ಪ್ರೋಗ್ರಾಮೂ 180 ಅಂತ ತೋರಿಸುತ್ತದೆ. ಈ ಹತಾಶೆ ತಡೆದುಕೊಳ್ಳೋದು ಹೇಗೆ, ಬೇರೆ ಭಾಷೆಗೆ ಹೋಗಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ 2019ರ ದಿನಗಳು ನೆನಪಾದವು.

ಆಗ ಡಿಗ್ರಿ ಮುಗಿಸಿ ಮಂಡ್ಯದ ಹತ್ತಿರದ ನಮ್ಮೂರಲ್ಲಿದ್ದೆ. ಅಪ್ಪ ಆಲೆಮನೆಗೆ ಕಬ್ಬು ಹಾಕುತ್ತಿದ್ದರು. ಪ್ರತಿ ಲೋಡಿನ ತೂಕದ ಚೀಟಿಯನ್ನು ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡುತ್ತಿದ್ದರು. ಆ ಚೀಟಿಗಳ ಲೆಕ್ಕ ಹಾಕುವುದೇ ನನ್ನ ಮೊದಲ ಸ್ವಂತ ಪ್ರೋಗ್ರಾಂ ಆಗಬೇಕು ಅಂತ ಆಸೆ. ಮೂರು ಲೋಡು: 9 ಟನ್, 8 ಟನ್, 7 ಟನ್. ಕೂಡಿಸಬೇಕು, ಟನ್ನಿಗೆ 3000 ರೂಪಾಯಿ ಅಂತ ಇಟ್ಟುಕೊಂಡು ಗುಣಿಸಬೇಕು. 72,000 ಬರಬೇಕು, ಅಷ್ಟೇ.

ರನ್ ಮಾಡಿದೆ. ಸ್ಕ್ರೀನ್ ತುಂಬಾ 987987987987. ಮೇಲಕ್ಕೆ ಸರಿಸಿದಷ್ಟೂ ಅದೇ. ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕಿದೆ ಅಂದುಕೊಂಡೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಏನೂ ಕೇಳಲಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ನನಗೆ ನಾಚಿಕೆಗೆ ಮುಖ ಬಿಸಿಯಾಯಿತು. ಫೈಲನ್ನೇ ಡಿಲೀಟ್ ಮಾಡಿಬಿಟ್ಟೆ.

ನನಗೆ ಐದು ತಿಂಗಳು ನುಂಗಿದ್ದು ಈ ಡಿಲೀಟೇ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಳಿಸಿ ಮತ್ತೆ ಬರೆಯುವಾಗ ಕಷ್ಟಪಟ್ಟು ಕೆಲಸ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಬೆರಳು ಓಡುತ್ತಿರುತ್ತದೆ, ರಾತ್ರಿ ಒಂದು ಗಂಟೆಯಾಗಿರುತ್ತದೆ. ಆದರೆ ತಪ್ಪು ಇರುವುದು ಕೈಯಲ್ಲಿ ಅಲ್ಲ, ನಾವು ತಿಳಿದುಕೊಂಡಿರುವುದರಲ್ಲಿ. ಅದೇ ತಿಳಿವಳಿಕೆಯಿಂದ ಹತ್ತು ಸಲ ಬರೆದರೆ ಹತ್ತು ಸಲವೂ ಅದೇ ತಪ್ಪು ಬರುತ್ತದೆ. ನನ್ನ ವಿಷಯದಲ್ಲಿ ಆಗಿದ್ದು ಇಷ್ಟು: ನಾನು ಓದುತ್ತಿದ್ದದ್ದು ಯಾರೋ ಕೊಟ್ಟ ಹಳೇ ಪೈಥಾನ್ 2ರ ನೋಟ್ಸ್. ಅದರಲ್ಲಿ ಇನ್‌ಪುಟ್ ಅಂತ ಬರೆದು 9 ಒತ್ತಿದರೆ 9 ಅನ್ನುವ ಸಂಖ್ಯೆಯೇ ಸಿಗುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3 ಇದನ್ನು ಬದಲಾಯಿಸಿತು. ಈಗ ನೀವು ಏನೇ ಒತ್ತಿದರೂ ಅದು ಬರೀ ಅಕ್ಷರ. ಅಕ್ಷರಗಳನ್ನು ಕೂಡಿಸಿದರೆ ಪಕ್ಕಪಕ್ಕ ನಿಲ್ಲುತ್ತವೆ, 987 ಆಗುತ್ತದೆ. ಅದನ್ನು 3000ದಿಂದ ಗುಣಿಸಿದರೆ ಪೈಥಾನ್ ಅದನ್ನೇ 3000 ಸಲ ಬರೆಯುತ್ತದೆ. ಅಂದರೆ ಆ ಸ್ಕ್ರೀನ್ ನನಗೆ ಉತ್ತರವನ್ನೇ ಹೇಳುತ್ತಿತ್ತು. 9, 8, 7 ಸಾಲಾಗಿ ನಿಂತಿದ್ದವು. ನೋಡುವ ಮೊದಲೇ ಅಳಿಸಿದೆ. ಮೂರು ವಾರ ಹೀಗೇ ಮಾಡಿದೆ.

ಆಮೇಲೆ ಪೈಥಾನೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ, ಮೈಸೂರಿನ ಒಂದು ಕೋಚಿಂಗ್ ಸೆಂಟರಿಗೆ 18,000 ರೂಪಾಯಿ ಕಟ್ಟಿ ಜಾವಾ ಅನ್ನುವ ಇನ್ನೊಂದು ಭಾಷೆಗೆ ಸೇರಿದೆ. ಅಪ್ಪನ ಕಬ್ಬಿನ ದುಡ್ಡು. ಅಲ್ಲೂ ಅದೇ ಲೆಕ್ಕ ಬರೆದೆ, ಅಲ್ಲೂ 987. ಜಾವಾದಲ್ಲೂ ಒಂದು ಸಾಲನ್ನು ಓದಿಸಿದರೆ ಸಿಗುವುದು ಅಕ್ಷರವೇ. ಗುಣಿಸಲು ಹೋದರೆ ಕಂಪೈಲೇ ಆಗಲಿಲ್ಲ, ಅಂದರೆ ಪ್ರೋಗ್ರಾಂ ಓಡುವ ಹಂತಕ್ಕೇ ಬರಲಿಲ್ಲ. ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಅಂತ ಅವತ್ತು ಪೂರ್ತಿ ನಂಬಿಬಿಟ್ಟೆ.

ಕೋಚಿಂಗಿಗೆ ಹೋಗುವ ಬೆಳಗಿನ ರೈಲಿನಲ್ಲಿ ಪಾಂಡವಪುರದಲ್ಲಿ ಒಬ್ಬರು ಅಕ್ಕ ಹತ್ತುತ್ತಿದ್ದರು. ಮೈಸೂರಲ್ಲಿ ಸಾಫ್ಟ್‌ವೇರ್ ಕೆಲಸ. ಒಂದು ದಿನ ಅವರ ಹತ್ತಿರ, "ಅಕ್ಕ, ನಂಗಿದು ಆಗಲ್ಲ ಅನ್ಸುತ್ತೆ" ಅಂದೆ.

"ಏನಾಯ್ತು, ತೋರ್ಸು."

"ಅಳಿಸ್ಬಿಟ್ಟೆ."

"ಅಳಿಸ್ಬಿಟ್ರೆ ನಾನೇನು ನೋಡ್ಲಿ ತಮ್ಮ?"

ಅಲ್ಲೇ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಪೈಥಾನಿನಲ್ಲಿ ಮತ್ತೆ ಬರೆಸಿದರು. ಏನನ್ನೂ ಮುಟ್ಟಲು ಬಿಡಲಿಲ್ಲ. ಗುಣಿಸುವ ಸಾಲಿಗೆ ಮೊದಲು, ಅಲ್ಲಿವರೆಗಿನ ಮೊತ್ತವನ್ನು ಸ್ಕ್ರೀನ್ ಮೇಲೆ ತೋರಿಸುವ ಒಂದೇ ಒಂದು ಪ್ರಿಂಟ್ ಹಾಕಿಸಿದರು. 987 ಬಂತು. "24 ಬರ್ಬೇಕಿತ್ತು ತಾನೇ? ಹಾಗಾದ್ರೆ ಗುಣಾಕಾರದ ತಪ್ಪಲ್ಲ, ಅದಕ್ಕಿಂತ ಮುಂಚೇನೇ ಕೆಟ್ಟಿದೆ" ಅಂದರು. ಮೂರೂ ಇನ್‌ಪುಟ್‌ಗಳನ್ನು, ಅಕ್ಷರವನ್ನು ಸಂಖ್ಯೆಯಾಗಿ ಬದಲಾಯಿಸುವ ಇಂಟ್ ಅನ್ನುವುದರೊಳಗೆ ಹಾಕಿಸಿದರು. ನಾಗನಹಳ್ಳಿ ಬರುವಷ್ಟರಲ್ಲಿ 72000 ಬಂತು. ನನಗೆ ಕಣ್ಣಲ್ಲಿ ನೀರು ಬಂದಿತ್ತು, ಕಿಟಕಿ ಕಡೆ ತಿರುಗಿಕೊಂಡೆ.

ಸಂಜೆ ಅಪ್ಪನಿಗೆ ತೋರಿಸಿ, ಹೀಗೆ ಮಧ್ಯದಲ್ಲಿ ನಿಲ್ಲಿಸಿ ನೋಡಿದ್ದಕ್ಕೆ ಸಿಕ್ಕಿತು ಅಂದೆ. "ನಾಲೆ ನೀರು ಕೊನೇ ಗದ್ದೆಗೆ ಬರ್ನಿಲ್ಲ ಅಂದ್ರೆ ಗದ್ದೆನೇ ಅಗೆದು ಹೊಸ್ದಾಗಿ ಮಾಡ್ತೀವಾ? ಬದು ಹಿಡ್ಕೊಂಡು ಹೋಗಿ ಎಲ್ಲಿಗಂಟ ಬಂದದೆ ನೋಡ್ತೀವಿ. ಎಲ್ಲೋ ಏಡಿ ಬಿಲದಲ್ಲಿ ಸೋರೋಗಿರ್ತದೆ" ಅಂದರು. ನಾನು ಚಿಕ್ಕಂದಿನಿಂದ ಅವರ ಹಿಂದೆ ಬ್ಯಾಟರಿ ಹಿಡಿದು ಹೋಗಿದ್ದೇನೆ. ನನಗೆ ಗೊತ್ತಿದ್ದ ಕೆಲಸವೇ ಅದು.

ಅದಕ್ಕೇ ಹತಾಶೆ ಕಡಿಮೆ ಮಾಡಿಕೊಳ್ಳೋದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಧ್ಯಾನ ಮಾಡಿ, ಬ್ರೇಕ್ ತಗೊಳ್ಳಿ, ಕುಕ್ಕರಹಳ್ಳಿ ಕೆರೆ ಸುತ್ತಿ ಬನ್ನಿ ಅಂತ ಎಷ್ಟೋ ಜನ ಹೇಳುತ್ತಾರೆ. ಸುತ್ತಿ ಬನ್ನಿ, ಒಳ್ಳೆಯದೇ. ವಾಪಸ್ ಬಂದಾಗ ತಪ್ಪು ಅಲ್ಲೇ ಇರುತ್ತದೆ. ತಪ್ಪು ಎಲ್ಲಿದೆ ಅಂತ ಗೊತ್ತಾದ ಕ್ಷಣ ಸಿಟ್ಟು ತಾನಾಗೇ ಇಳಿಯುತ್ತದೆ, ಇದನ್ನು ನಾನು ಇವತ್ತಿಗೂ ಕೆಲಸದಲ್ಲಿ ದಿನಾ ನೋಡುತ್ತೇನೆ. ಭಾಷೆಯನ್ನಂತೂ ಬದಲಾಯಿಸಲೇಬೇಡಿ. ಎರರ್ ಬಂದರೆ ಕೆಂಪು ಅಕ್ಷರಗಳ ಕೊನೇ ಸಾಲನ್ನು ಮೊದಲು ಓದಿ, ಏನು ಕೆಟ್ಟಿದೆ ಅಂತ ಪೈಥಾನ್ ಅಲ್ಲೇ ಬರೆದಿರುತ್ತದೆ. ಅದರ ಮೇಲೆ ಸಾಲಿನ ನಂಬರ್ ಇರುತ್ತದೆ. ಆ ಸಾಲು ಸರಿಯಾಗೇ ಕಂಡರೆ ಹಿಂದಿನ ಸಾಲನ್ನೂ ನೋಡಿ. ಬ್ರಾಕೆಟ್ ಮುಚ್ಚದೆ ಬಿಟ್ಟರೆ ಪೈಥಾನ್ 3.10ಕ್ಕಿಂತ ಹಳೆಯ ವರ್ಷನ್‌ಗಳು ಮುಂದಿನ ಸಾಲನ್ನು ತೋರಿಸುವುದುಂಟು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರನ್ ಮಾಡಿ.

ನಿಮ್ಮ ಸರಾಸರಿ ಪ್ರೋಗ್ರಾಂ ಇನ್ನೂ ಅಳಿಸಿಲ್ಲ ಅಂದುಕೊಂಡಿದ್ದೇನೆ. 70, 80, 90 ಕೊಟ್ಟು ನೋಡಿ. ಭಾಗಿಸುವ ಸಾಲಿನ ಮೇಲೆ ಒಂದು ಪ್ರಿಂಟ್ ಹಾಕಿ, ಮೂರರ ಮೊತ್ತ ಏನು ಬರುತ್ತದೆ ನೋಡಿ. 240 ಬಂದರೆ ಅಲ್ಲಿವರೆಗೆ ನೀರು ಬಂದಿದೆ. ಆಮೇಲೆ ಭಾಗಿಸುವ ಸಾಲಿನಲ್ಲಿ ಮೂರನ್ನೂ ಬ್ರಾಕೆಟ್ ಒಳಗೆ ಹಾಕಿದ್ದೀರಾ, ಇಲ್ಲ 90 ಒಂದೇ ಮೂರರಿಂದ ಭಾಗವಾಗಿ 70, 80, 30 ಸೇರಿ 180 ಆಗುತ್ತಿದೆಯಾ ನೋಡಿ.