ಮೆಟ್ಟಿಲ ಹತ್ತಿರದ ಫೈರ್ ಡೋರ್ ಪೂರ್ತಿ ಮುಚ್ಚದಿದ್ದರೆ

ಚಿಕ್ಕಮಗಳೂರಿನ ನಿಮ್ಮ ಕಾಂಪ್ಲೆಕ್ಸ್‌ನಲ್ಲಿ ಸ್ಟೀಲ್ ಫೈರ್ ಡೋರ್ (ಬೆಂಕಿ, ಹೊಗೆ ತಡೆಯುವ ಬಾಗಿಲು) ಎರಡು ಬೆರಳಷ್ಟು ತೆರೆದೇ ನಿಲ್ಲುತ್ತದೆ, ಇನ್ಸ್‌ಪೆಕ್ಷನ್ ಹತ್ತಿರ ಬಂತು ಅಂದಿದ್ದೀರಿ. ಬಹುಶಃ ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ, ಅಂದರೆ ಡೋರ್ ಕ್ಲೋಸರ್‌ದೇ ತೊಂದರೆ.

ಮೊದಲು ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಒಂದು ಗೇಣು ಮಾತ್ರ ತೆರೆದು ಕೈಬಿಡಿ. ಎರಡೂ ಸಲ ತಾನಾಗಿಯೇ ಬಂದು ಲ್ಯಾಚ್ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಕ್ಲೋಸರ್ ಅಡಿಯಲ್ಲಿ ಬೆರಳಾಡಿಸಿ. ಎಣ್ಣೆ ಜಿಡ್ಡು ಅಂಟಿದರೆ ಒಳಗಿನ ಸೀಲ್ ಹೋಗಿದೆ, ಹೊಸ ಕ್ಲೋಸರ್ ಹಾಕಿಸಿ. ಜಿಡ್ಡಿಲ್ಲ ಅಂದ್ರೆ ಕ್ಲೋಸರ್ ಮೇಲಿನ ಲ್ಯಾಚ್ ವೇಗದ ಸ್ಕ್ರೂವನ್ನು (ಬಾಗಿಲು ಕೊನೆಯಲ್ಲಿ ಎಷ್ಟು ವೇಗವಾಗಿ ಮುಚ್ಚಬೇಕು ಅಂತ ಹೊಂದಿಸುವುದು) ಕಾಲು ಸುತ್ತು ಸಡಿಲಿಸಿ ಮತ್ತೆ ನೋಡಿ. ಪೂರ್ತಿ ಮಾತ್ರ ಬಿಚ್ಚಬೇಡಿ, ಎಣ್ಣೆಯೆಲ್ಲ ಸುರಿದುಹೋಗುತ್ತದೆ.

ಆಗಲೂ ಮುಚ್ಚದಿದ್ದರೆ ಹಿಂಜ್ ನೋಡಿ. ನಮ್ಮ ಕಟ್ಟಡದಲ್ಲಿ ಮಳೆಗಾಲದ ತೇವಕ್ಕೆ ಸ್ಕ್ರೂ ತುಕ್ಕು ಹಿಡಿದು ಬಾಗಿಲು ಜೋತುಬಿದ್ದಿತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಪಕ್ಕಗಳಲ್ಲಿ ಸುಮಾರು 3 ಮಿ.ಮೀ. ಸಂದು ಸಮನಾಗಿ ಇರಬೇಕು. ತಾಗುತ್ತದೆ ಅಂತ ಅಂಚು ಉಜ್ಜಿಸಬೇಡಿ, ಹೊಸ ತೂತೂ ಬೇಡ. ಬೆಂಕಿ ತಡೆಯುವ ಶಕ್ತಿಯೇ ಹೋಗುತ್ತದೆ. ಚೌಕಟ್ಟೇ ವಾಲಿದೆಯೋ ಏನೋ, ನೋಡದೆ ನಾನು ಹೇಳಲಾರೆ. ಹಾಗಿದ್ದರೆ ಬಾಗಿಲು ಕೊಟ್ಟವರನ್ನೇ ಕರೆಸಿ.

ಬಾಗಿಲ ಮೇಲಿನ ಲೇಬಲ್‌ಗೆ ಪೇಂಟ್ ಬಿದ್ದಿದ್ದರೆ ನಿಧಾನಕ್ಕೆ ಒರೆಸಿ. ಎಷ್ಟು ನಿಮಿಷ ಬೆಂಕಿ ತಡೆಯುವ ಬಾಗಿಲು ಅಂತ ಓದುವಂತಿರಬೇಕು. ಅಂಚಿನಲ್ಲಿರುವ ಪಟ್ಟಿ ಬಿಸಿಗೆ ಉಬ್ಬಿ ಸಂದು ಮುಚ್ಚುತ್ತದೆ, ಅದು ಕಿತ್ತಿದ್ದರೆ ಬದಲಿಸಿ.

ಗಾಳಿ ಬರಲಿ ಅಂತ ಬಾಗಿಲಿಗೆ ಅಡ್ಡ ಇಟ್ಟಿಗೆ ಇಟ್ಟಿದ್ದರೆ ಇವತ್ತೇ ತೆಗೆಸಿ. ಜನ ಇಳಿಯಬೇಕಾದ ಮೆಟ್ಟಿಲಿಗೆ ಹೊಗೆ ನುಗ್ಗುವುದು ಅಲ್ಲಿಂದಲೇ.