ಒನಕೆ ನಿಂತಿದ್ದು ಸರಿ, ಬೇರೆ ದಿನ ನಿಲ್ಲಿಸಿ ನೋಡಿದ್ರಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಥರದ್ದು, ಯಾವುದೋ ಫಾರ್ವರ್ಡ್, ಯಾವುದೋ ಪವಾಡ, ಯಾವುದೋ ಮಷೀನು, ನಿಜಾನಾ ಸುಳ್ಳಾ ಹೇಳಿ ಅಂತ. ಹಾಗಾಗಿ ಈ ಸಲ ಅವನ್ನೇ ತಗೊಂಡಿದೀನಿ.

ಪ್ರಶ್ನೆ: ನಮ್ಮತ್ತೆ ಗದಗ ಕಡೆಯೋರು. ಗ್ರಹಣ ಹಿಡಿದಾಗ ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸ್ತಾರೆ, ಗ್ರಹಣ ಬಿಟ್ಟ ಕೂಡ್ಲೇ ತಾನೇ ಬೀಳುತ್ತೆ ಅಂತಾರೆ. 2019ರ ಡಿಸೆಂಬರ್ ಗ್ರಹಣದಲ್ಲಿ ನಾನೇ ಕಣ್ಣಾರೆ ನೋಡಿದೀನಿ, ನಿಂತಿತ್ತು. ಮಗ ಇಂಜಿನಿಯರಿಂಗ್ ಓದ್ತಾನೆ, ಎಲ್ಲಾ ಸುಳ್ಳು ಅಂತ ಅಜ್ಜಿ ಮೇಲೆ ರೇಗ್ತಾನೆ. ಕಣ್ಣಲ್ಲಿ ಕಂಡಿದ್ದನ್ನ ಸುಳ್ಳು ಅನ್ನೋದು ಹೇಗೆ? – ಓದುಗಿ, ಡೊಂಬಿವಲಿ

ಉತ್ತರ: ನೀವು ಕಂಡಿದ್ದು ಸುಳ್ಳಲ್ಲಮ್ಮ, ಒನಕೆ ನಿಂತಿದ್ದು ನಿಜ. ಮಗ ರೇಗಬಾರದಿತ್ತು, ಅವನೂ ಮಾಡಿ ನೋಡಿಲ್ಲ ಅಂತ ಕಾಣುತ್ತೆ. ನಿಮ್ಮ ಪತ್ರ ಬಂದ ಮೇಲೆ ನಾನು ಪಕ್ಕದ ಬಿಲ್ಡಿಂಗಿನ ಬಿಜಾಪುರದೋರ ಮನೆಯಿಂದ ಒಂದು ಒನಕೆ ಇಸ್ಕೊಂಡು ಬಂದೆ, ಬುಡಕ್ಕೆ ಕಬ್ಬಿಣದ ಅಣಸು ಇರೋ ಹಳೇದು, ನನ್ನ ಎದೆ ಮಟ್ಟಕ್ಕೆ ಬರುತ್ತೆ. ಅವತ್ತು ಮಾಮೂಲಿ ಮಂಗಳವಾರ, ಗ್ರಹಣ ಇಲ್ಲ ಅಮಾವಾಸ್ಯೆನೂ ಇಲ್ಲ. ತಾಟಿಗೆ ನೀರು ಹಾಕಿ ನಿಲ್ಲಿಸೋಕೆ ಹೋದೆ, ನಾಲ್ಕು ಸಲ ವಾಲ್ತು, ಐದನೇ ಸಲ ಮೆಲ್ಲಗೆ ಕೈ ಬಿಟ್ಟೆ, ನಿಂತೇಬಿಡ್ತು. ಆಮೇಲೆ ನೀರು ಚೆಲ್ಲಿ ಒಣ ತಾಟಲ್ಲಿ ನಿಲ್ಲಿಸಿದೆ, ಆಮೇಲೆ ತಾಟೂ ತೆಗೆದು ಬರೀ ಟೈಲ್ಸ್ ಮೇಲೆ. ಬೆಳಿಗ್ಗೆ ನಿಲ್ಲಿಸಿದ್ದು ರಾತ್ರಿ ಹಾಲಿಗೆ ಹೆಪ್ಪು ಹಾಕೋ ಹೊತ್ತಿಗೂ ಅಲ್ಲೇ ಇತ್ತು, ಮಾರನೇ ದಿನ ನೆಲ ಒರೆಸೋವಾಗ ಬಟ್ಟೆ ತಾಗಿದ್ಮೇಲೇ ಬಿದ್ದಿದ್ದು.

ಕಾರಣ ಸಣ್ಣದು. ಒನಕೆ ಬುಡ ಚಪ್ಪಟೆ ಇರುತ್ತೆ, ಅದರ ಪೂರ್ತಿ ಭಾರದ ಮಧ್ಯಬಿಂದು ಆ ಚಪ್ಪಟೆ ಜಾಗದ ನೇರಕ್ಕೆ ಬಂದ್ರೆ ಸಾಕು, ನಿಲ್ಲುತ್ತೆ. ಗ್ರಹಣದಲ್ಲಿ ಸೂರ್ಯ ಚಂದ್ರ ಸೇರ್ಕೊಂಡು ಎಳೀತಾರೆ ಅಂತ ಕೆಲವರು ವಿಜ್ಞಾನದ ಭಾಷೇಲಿ ಹೇಳ್ತಾರೆ, ಆದ್ರೆ ಅವೆರಡೂ ಪ್ರತಿ ಅಮಾವಾಸ್ಯೆಗೂ ಹೆಚ್ಚುಕಮ್ಮಿ ಹಾಗೇ ಎಳೆಯೋದು, ನಮ್ಮ ಮರೀನ್ ಡ್ರೈವ್‌ನಲ್ಲಿ ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ದೊಡ್ಡ ಉಬ್ಬರ ಬರೋದು ಅದಕ್ಕೇ. ಗ್ರಹಣದ ದಿನ ಹೊಸದಾಗಿ ಬರೋದು ನೆರಳು ಒಂದೇ. ಇನ್ನು ಗ್ರಹಣ ಬಿಟ್ಟಾಗ ಬೀಳೋದು ಯಾಕೆ ಅಂದ್ರೆ, ಬಿಡ್ತು ಅಂತ ಎಲ್ರೂ ಎದ್ದು ಓಡಾಡ್ತಾರೆ, ಸ್ನಾನಕ್ಕೆ ಹೋಗ್ತಾರೆ, ಯಾರಾದ್ರೂ ಕೈ ಹಾಕೇ ಹಾಕ್ತಾರೆ.

ಅತ್ತೆ ಮುಂದೆ ವಾದ ಮಾಡ್ಬೇಡಿ. ಒಂದು ಭಾನುವಾರ ಅವರ ಕೈಯಲ್ಲೇ ನಿಲ್ಲಿಸಿ, ಅವರ ಕೈಗೆ ನಿಮಗಿಂತ ಚೆನ್ನಾಗಿ ಕೂರುತ್ತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ಅವರ ಕಾಲದ್ದೇ ತಾನೆ. ಒನಕೆ ನಿಲ್ಲಿಸೋದ್ರಿಂದ ಯಾರಿಗೂ ನೋವಿಲ್ಲ, ಅಷ್ಟಕ್ಕೇ ಯಾಕೆ ಇಷ್ಟು ಬರೀತಿದೀನಿ ಅನ್ನಿಸ್ಬಹುದು, ಆದ್ರೆ ಅದೇ 2019ರ ಡಿಸೆಂಬರ್ 26ರ ಬೆಳಿಗ್ಗೆ ಕಲಬುರಗಿ ಹತ್ತಿರ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತೆ ಅಂತ ಮಕ್ಕಳನ್ನ ಕುತ್ತಿಗೆ ತನಕ ಮಣ್ಣಲ್ಲಿ ಹೂತು ನಿಲ್ಲಿಸಿದ್ರು. ಆ ಫೋಟೋ ನಾನು ಇನ್ನೂ ಮರೆತಿಲ್ಲ. ಆ ತಂದೆತಾಯಿ ಕೆಟ್ಟೋರಲ್ಲ, ಬೇರೆ ದಾರಿ ಯಾರೂ ತೋರಿಸಿರ್ಲಿಲ್ಲ.

ಪ್ರಶ್ನೆ: 2006ರಲ್ಲಿ ಮುಂಬೈನ ಮಾಹಿಮ್ ಸಮುದ್ರದ ನೀರು ಸಿಹಿಯಾಗಿತ್ತಲ್ಲ, ನಾನೂ ಹೋಗಿ ಕುಡಿದಿದ್ದೆ, ನಿಜವಾಗ್ಲೂ ಉಪ್ಪಿರ್ಲಿಲ್ಲ. ಅದು ಪವಾಡ ಅಲ್ಲದಿದ್ರೆ ಏನು? – ಓದುಗರು, ಭಾಂಡುಪ್

ಉತ್ತರ: ಅದು ಆಗಸ್ಟ್ 18ರ ರಾತ್ರಿ ಎದ್ದ ಸುದ್ದಿ. ಸಾವಿರಾರು ಜನ ಬಾಟಲಿ ಹಿಡ್ಕೊಂಡು ಹೋಗಿದ್ರು, ಚಿಕ್ಕ ಮಕ್ಕಳಿಗೂ ಕುಡಿಸಿದ್ರು. ತಿಂಗಳು ಯಾವುದು ನೋಡಿ, ಆಗಸ್ಟ್. ಮಳೆ ಸುರಿದು ಮೀಠಿ ನದಿ ತುಂಬಿ ಮಾಹಿಮ್ ಖಾಡಿಗೇ, ಅಂದ್ರೆ ಅಲ್ಲಿನ ಅಳಿವೆಗೇ, ಬಂದು ಸೇರುತ್ತೆ, ಸಿಹಿನೀರು ಹಗುರ, ಉಪ್ಪುನೀರು ಭಾರ, ಹಾಗಾಗಿ ಮಳೆನೀರು ಸ್ವಲ್ಪ ಹೊತ್ತು ಮೇಲೇ ತೇಲ್ತಾ ಇರುತ್ತೆ, ನೀವು ಬೊಗಸೇಲಿ ತಗೊಂಡಿದ್ದು ಆ ಮೇಲಿನ ಪದರ. ಐಐಟಿ ಬಾಂಬೆಯ ಭೂವಿಜ್ಞಾನಿಗಳೂ ಆಗ ಮಳೆಗಾಲದ ಸಿಹಿನೀರೇ ಕಾರಣ ಅಂದಿದ್ರು, ಮಾರನೇ ದಿನ ನೀರು ಮತ್ತೆ ಉಪ್ಪಾಯ್ತು.

ಆದ್ರೆ ನನಗೆ ಭಯ ಆಗೋದು ಬೇರೆ ವಿಷಯಕ್ಕೆ. ಮೀಠಿ ನದಿಯಲ್ಲಿ ಏನು ಹರೀತಿರುತ್ತೆ ಅಂತ ಬಾಂದ್ರಾದಲ್ಲಿ ಲೋಕಲ್ ಟ್ರೇನಿಂದ ಮೂಗು ಮುಚ್ಕೊಂಡು ನೋಡಿದೋರಿಗೆಲ್ಲ ಗೊತ್ತು. ನೀರು ಸಿಹಿ ಅಂದ್ರೆ ಉಪ್ಪು ಕಮ್ಮಿ ಅಂತ ಅಷ್ಟೇ, ರೋಗಾಣು ಇದೆಯಾ ಇಲ್ವಾ ಅಂತ ನಾಲಿಗೆಗೆ ಗೊತ್ತಾಗಲ್ಲ. ಆ ದಿನ ಒಂದು ಬಾಟಲಿ ಲ್ಯಾಬಿಗೆ ಕೊಟ್ಟು, ರಿಪೋರ್ಟ್ ಬಂದ್ಮೇಲೆ ಕುಡಿಯೋಣ ಅಂತ ಕಾದಿದ್ರೆ ಪವಾಡಕ್ಕೆ ಏನೂ ನಷ್ಟ ಆಗ್ತಿರ್ಲಿಲ್ಲ, ಮಕ್ಕಳ ಹೊಟ್ಟೆ ಉಳೀತಿತ್ತು.

ಹಾಲು ಕುಡಿದ ಗಣಪತಿ ಬಗ್ಗೆನೂ ಮೂರು ಜನ ಕೇಳಿದಾರೆ, ಇಲ್ಲೇ ಹೇಳ್ಬಿಡ್ತೀನಿ. 1995ರ ಸೆಪ್ಟೆಂಬರ್ 21, ಗುರುವಾರ. ನಾನಾಗ ಮುಂಬೈನ ಒಂದು ಕನ್ನಡ ರಾತ್ರಿ ಶಾಲೇಲಿ ವಿಜ್ಞಾನ ಹೇಳಿಕೊಡ್ತಿದ್ದೆ, ಹೋಟೆಲಲ್ಲಿ ದುಡಿಯೋ ಹುಡುಗ್ರೇ ಹೆಚ್ಚು, ಅವತ್ತು ಕ್ಲಾಸು ಖಾಲಿ, ಎಲ್ರೂ ದೇವಸ್ಥಾನದ ಕ್ಯೂನಲ್ಲಿ. ಮಾರನೇ ದಿನ ಒಂದು ಲೋಟ ಹಾಲು ತರಿಸಿ, ಡಸ್ಟರ್ ಪಕ್ಕ ಇದ್ದ ಪೇಪರ್‌ವೇಟನ್ನ ಒದ್ದೆ ಮಾಡಿ, ಚಮಚದ ತುಂಬ ಹಾಲು ತಗೊಂಡು ಅದಕ್ಕೆ ತಾಗಿಸಿ ಸ್ವಲ್ಪೇ ಸ್ವಲ್ಪ ಓರೆ ಮಾಡಿದೆ. ಪೇಪರ್‌ವೇಟೂ ಕುಡೀತು! ಹಾಲು ಎಲ್ಲೂ ಹೋಗಲ್ಲ, ಮೇಲ್ಮೈ ಸೆಳೆತದಿಂದ (ಸರ್ಫೇಸ್ ಟೆನ್ಶನ್) ಎಳೆದ್ಕೊಂಡು ತೆಳ್ಳಗೆ ಪದರವಾಗಿ ಕೆಳಗೆ ಜಾರುತ್ತೆ, ಬಿಳಿ ಕಲ್ಲಿನ ಮೇಲೆ ಕಾಣಲ್ಲ ಅಷ್ಟೇ. ದೆಹಲಿಯಲ್ಲಿ ಸರ್ಕಾರಿ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ಇದನ್ನೇ ತೋರಿಸಿದ್ರು. ಒಬ್ಬ ಹುಡುಗ, ಕುಂದಾಪುರದವನು, ಬೆರಳಲ್ಲಿ ಪೇಪರ್‌ವೇಟಿನ ಬುಡ ಸವರಿ ಬೆರಳು ಮೇಲೆತ್ತಿ ಎಲ್ರಿಗೂ ತೋರಿಸ್ದ, ಹಾಲು ಅಲ್ಲೇ ಇತ್ತು. ನಾನು ಅರ್ಧ ಗಂಟೆ ಹೇಳಿದ್ದಕ್ಕಿಂತ ಆ ಬೆರಳು ಹೆಚ್ಚು ಹೇಳ್ತು.

ಪ್ರಶ್ನೆ: ಜಾತಕದ ಬಗ್ಗೆ ನಿಜವಾದ ಪರೀಕ್ಷೆ ಯಾರಾದ್ರೂ ಮಾಡಿದಾರಾ, ಅಥವಾ ಬರೀ ಬೈಯೋದೇನಾ? – ಓದುಗರು, ಚಿಂಚ್ವಡ್

ಉತ್ತರ: ಮಾಡಿದಾರೆ, ಅದೂ ನಿಮ್ಮ ಪುಣೆಯಲ್ಲೇ. ಪುಣೆಯ ಖಗೋಳವಿಜ್ಞಾನ ಸಂಸ್ಥೆ ಆಯುಕಾ ಕಟ್ಟಿದ ವಿಜ್ಞಾನಿ ಜಯಂತ ನಾರ್ಳೀಕರ್, ಮೂಢನಂಬಿಕೆ ವಿರುದ್ಧ ಹೋರಾಡ್ತಿದ್ದ ನರೇಂದ್ರ ದಾಭೋಲ್ಕರ್ ಮತ್ತೆ ಜೊತೆಗಾರರು ಸೇರಿ 2008ರಲ್ಲಿ ಮಾಡಿದ್ದು, 200 ಮಕ್ಕಳ ಜನನ ವಿವರ ಕಲೆಹಾಕಿದ್ರು, 100 ಮಕ್ಕಳು ಓದಿನಲ್ಲಿ ತುಂಬ ಚುರುಕು, 100 ಮಕ್ಕಳು ಬುದ್ಧಿಮಾಂದ್ಯತೆ ಇರೋರು. ಎರಡನ್ನೂ ಕಲಸಿ ಒಬ್ಬೊಬ್ಬ ಜ್ಯೋತಿಷಿಗೂ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಅಂದ್ರು. ಉತ್ತರ ಕಳಿಸಿದೋರು 27 ಜನ, ಸರಿ ಬಂದಿದ್ದು ಶೇಕಡಾ 46. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ರೆ 50ರ ಹತ್ತಿರ ಬರ್ತಿತ್ತು. ಈ ಪರೀಕ್ಷೇಲಿ ನನಗೆ ಹಿಡಿಸಿದ್ದು ಅದರ ಮರ್ಯಾದೆ. ಯಾರನ್ನೂ ಬೈದಿಲ್ಲ, ನಿಮ್ಮ ವಿದ್ಯೆ ನಿಮ್ಮ ಕೈಲೇ ತೋರಿಸಿ ಅಂದ್ರು. ದಾಭೋಲ್ಕರ್ ಅವರನ್ನ 2013ರ ಆಗಸ್ಟ್ 20ರಂದು ಬೆಳಗಿನ ವಾಕಿಂಗ್ ಹೊತ್ತಲ್ಲಿ ಓಂಕಾರೇಶ್ವರ ಸೇತುವೆ ಮೇಲೆ ಗುಂಡಿಟ್ಟು ಕೊಂದ್ರು. ಆ ಸೇತುವೆ ಮೇಲೆ ಹೋಗೋವಾಗ ಇವತ್ತಿಗೂ ನನ್ನ ಕಾಲು ನಿಧಾನ ಆಗುತ್ತೆ.

ಪ್ರಶ್ನೆ: ವಾಸ್ಕೋದಲ್ಲಿ ನಮ್ಮ ಏರಿಯಾಕ್ಕೆ ಒಂದು ಹೆಲ್ತ್ ಕ್ಯಾಂಪ್ ಬಂದಿತ್ತು. ಕೈಯಲ್ಲಿ ಒಂದು ರಾಡ್ ಹಿಡ್ಕೊಂಡ್ರೆ ಒಂದೇ ನಿಮಿಷದಲ್ಲಿ ಕ್ಯಾಲ್ಸಿಯಂ, ಲಿವರ್, ಹಾರ್ಟ್ ಎಲ್ಲಾ ಬರುತ್ತೆ, ಕ್ವಾಂಟಮ್ ಮಷೀನ್ ಅಂತೆ. ಅಪ್ಪನಿಗೆ ಮಾತ್ರೆ ಬರ್ಕೊಟ್ಟು, ಬಿಪಿ ಗುಳಿಗೆ ಬಿಡಿ ಅಂದಿದಾರೆ. ಏನ್ಮಾಡ್ಲಿ? – ಓದುಗ, ಗೋವಾ

ಉತ್ತರ: ಮೊದಲು ಬಿಪಿ ಗುಳಿಗೆ ಇವತ್ತೇ ವಾಪಸ್ ಶುರು ಮಾಡ್ಸಿ, ನಿಮ್ಮ ಮಾಮೂಲಿ ಡಾಕ್ಟ್ರಿಗೆ ಫೋನ್ ಮಾಡಿ, ಉಳಿದಿದ್ದು ಆಮೇಲೆ ಓದಿ.

ರಾಡ್ ಹಿಡಿದ್ರೆ ಹೆಚ್ಚೆಂದ್ರೆ ಗೊತ್ತಾಗೋದು ನಿಮ್ಮ ಚರ್ಮದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ, ಅದು ಕೈ ಬೆವತ್ರೆ ಬದಲಾಗುತ್ತೆ, ಗೋವಾದ ಸೆಖೆಯಲ್ಲಿ ನಿಮಿಷಕ್ಕೊಂದು ಥರ. ಕ್ಯಾಲ್ಸಿಯಂ, ಕೊಲೆಸ್ಟ್ರಾಲ್ ನೋಡೋಕೆ ರಕ್ತ ತೆಗೀಲೇಬೇಕು. ಮಷೀನಿಗೆ ಕೂರೋ ಮುಂಚೆ ವಯಸ್ಸು, ತೂಕ, ಗಂಡೋ ಹೆಣ್ಣೋ ಅಂತ ಕೇಳಿ ಟೈಪ್ ಮಾಡಿದ್ರಲ್ವಾ? ಅಂಥವರು ಮತ್ತೆ ಬಂದ್ರೆ ಅಪ್ಪನನ್ನೇ ಎರಡು ಸಲ ಕೂರ್ಸಿ, ಎರಡನೇ ಸಲ 25 ವರ್ಷದ ಹುಡುಗಿ ಅಂತ ಬರೆಸಿ, ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಮನೇಲೂ ಇಂಥದ್ದೇ ಒಂದು ಕ್ಯಾಂಪಿನ ಮಾತು ನಂಬಿ ನನ್ನ ಚಿಕ್ಕಪ್ಪ ಶುಗರ್ ಮಾತ್ರೆ ಮೂರು ತಿಂಗಳು ಬಿಟ್ರು, ಆಮೇಲೆ ಕಾಲಿನ ಗಾಯ ಒಣಗಿಸೋಕೆ ಒಂದು ವರ್ಷ ಹಿಡೀತು. ಅದಕ್ಕೇ ಗಟ್ಟಿಯಾಗಿ ಹೇಳ್ತಿದೀನಿ.

ಪ್ರಶ್ನೆ: ಜುಲೈನಲ್ಲಿ ಭೂಮಿ ಸೂರ್ಯನಿಂದ ದೂರ ಹೋಗುತ್ತೆ, ಚಳಿ ಜ್ವರ ಬರುತ್ತೆ ಅನ್ನೋ ಮೆಸೇಜ್? – ಓದುಗರು, ಠಾಣೆ

ಉತ್ತರ: ದೂರ ಹೋಗೋದು ನಿಜ, ಜುಲೈ ಮೊದಲ ವಾರ, ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರ್. ಆದ್ರೆ ಮೆಸೇಜಲ್ಲಿ ಮಾಮೂಲಿ ದೂರ 9 ಕೋಟಿ ಅಂತ ಬರೆದಿರ್ತಾರೆ, ಅದು ತಪ್ಪು, ಸರಾಸರಿ 14 ಕೋಟಿ 96 ಲಕ್ಷ. ಜನವರಿಗೂ ಜುಲೈಗೂ ವ್ಯತ್ಯಾಸ ಶೇಕಡಾ ಮೂರು ಚಿಲ್ಲರೆ. ನಾವು ಜನವರೀಲಿ, ಸೂರ್ಯನಿಗೆ ಹತ್ತಿರ ಇರೋವಾಗ್ಲೇ ಸ್ವೆಟರ್ ಹಾಕ್ಕೊಳ್ಳೋದು. ಜುಲೈಯಲ್ಲಿ ಠಾಣೆ ತಂಪಾಗೋದು ಮಳೆಗೆ.

ಪ್ರಶ್ನೆ: ವಿಜ್ಞಾನಿಗಳೇ ಮೋಸ ಮಾಡಲ್ವಾ? – ಓದುಗರು, ಮಾಟುಂಗಾ

ಉತ್ತರ: ಮಾಡ್ತಾರೆ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಆದಿಮಾನವನ ತಲೆಬುರುಡೆ ಸಿಕ್ತು ಅಂದ್ರು, ಅದು ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿದ್ದು, ಹಲ್ಲನ್ನ ಅರದಿಂದ ಉಜ್ಜಿದ್ರು, ಮೂಳೆಗೆ ಬಣ್ಣ ಕಟ್ಟಿದ್ರು. ಬಯಲಾಗಿದ್ದು 1953ರಲ್ಲಿ. ಮೊದಲ ಮಾನವ ನಮ್ಮೂರಲ್ಲೇ ಹುಟ್ಟಿದ್ದು ಅಂತ ಕೇಳೋಕೆ ಅಲ್ಲಿಯೋರಿಗೆ ಇಷ್ಟ ಇತ್ತು, ಹಾಗಾಗಿ ಹಲ್ಲಿನ ಗೀರು ಯಾರಿಗೂ ಕಾಣ್ಲಿಲ್ಲ. ಹಿಡಿದೋರೂ ವಿಜ್ಞಾನಿಗಳೇ, ಅದೇ ಮೂಳೆಯನ್ನ ಮತ್ತೆ ಡ್ರಾಯರಿಂದ ತೆಗೆದು ನೋಡಿದೋರು.

ಪ್ರಶ್ನೆ: ನಾನು 9ನೇ ಕ್ಲಾಸ್. ಗ್ರಹಣದಲ್ಲಿ ಅನ್ನ ವಿಷ ಆಗುತ್ತೆ ಅಂತಾರೆ, ದರ್ಭೆ ಹಾಕಿದ್ರೆ ಆಗಲ್ವಂತೆ. ಶಾಲೆ ಪ್ರಾಜೆಕ್ಟಿಗೆ ಮಾಡ್ಬಹುದಾ? – ಓದುಗಿ, ಪಿಂಪ್ರಿ

ಉತ್ತರ: ಖಂಡಿತ ಮಾಡು ಪುಟ್ಟಿ. 2027ರ ಆಗಸ್ಟ್ 2ಕ್ಕೆ ಸೂರ್ಯಗ್ರಹಣ ಇದೆ, ನಮ್ಮ ಕಡೆ ಪಾರ್ಶ್ವ. ಒಂದೇ ಕುಕ್ಕರಿನ ಅನ್ನ ಎರಡು ಬಟ್ಟಲಿಗೆ ಅಳತೆ ಮಾಡಿ ಹಾಕು, ಒಂದಕ್ಕೆ ದರ್ಭೆ, ಒಂದಕ್ಕೆ ಇಲ್ಲ. ಗ್ರಹಣ ಇಲ್ದೇ ಇರೋ ಇನ್ನೊಂದು ದಿನ, ಅದೇ ಥರ ಮಳೆ, ಅದೇ ಸೆಖೆ ಇರೋವಾಗ, ಮತ್ತೆ ಎರಡು ಬಟ್ಟಲು ಇಡು. ಯಾವ ಬಟ್ಟಲು ಯಾವುದು ಅಂತ ಗೊತ್ತಿಲ್ಲದ ತಮ್ಮನ ಕೈಲಿ ಎರಡು ಗಂಟೆಗೊಮ್ಮೆ ವಾಸನೆ ನೋಡಿಸು, ತಿನ್ನೋಕೆ ಮಾತ್ರ ಬಿಡ್ಬೇಡ. ಫಲಿತಾಂಶ ಏನೇ ಬರ್ಲಿ, ತಿದ್ದಬೇಡ, ನೋಟ್‌ಬುಕ್ಕಿನ ಆ ಪುಟ ಹಾಗೇ ನನಗೆ ಕಳಿಸು, ಅನ್ನ ಹಳಸಿದ ಟೈಮ್ ಸಮೇತ.